ಔಟ್ ಆಫ್ ಸ್ಟೇಟ್ ಸೀಟು: ರ‍್ಯಾಂಕಿಂಗ್ ಬದಿಗಿಟ್ಟು ನಾಲ್ಕು ವರ್ಷದ ಲೆಕ್ಕ ಹಾಕಿದ ನನ್ನ ಅನುಭವ

ನ್ಯೂಜೆರ್ಸಿಯಲ್ಲಿದ್ದುಕೊಂಡು ಮೆಕ್ಯಾನಿಕಲ್ ಎಂಜಿನಿಯರಿಂಗ್‌ಗೆ ಮಗಳ ಕೈಯಲ್ಲಿದ್ದ ಸೀಟುಗಳು ಐದು: ಮಿಶಿಗನ್, ಬರ್ಕ್ಲಿ, ಇಲಿನಾಯ್, ಪರ್ಡ್ಯೂ, ಮತ್ತೆ ನಮ್ಮದೇ ರಾಜ್ಯದ ರಟ್ಗರ್ಸ್. ಮೊದಲ ನಾಲ್ಕೂ ಔಟ್ ಆಫ್ ಸ್ಟೇಟ್, ಅಂದರೆ ಬೇರೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿ; ಹೊರರಾಜ್ಯದವರಿಗೆ ಅಲ್ಲಿ ಟ್ಯೂಷನ್ (ಬೋಧನಾ ಶುಲ್ಕ) ಹೆಚ್ಚು. ನಾಲ್ಕು ವರ್ಷದ ಖರ್ಚು ಲೆಕ್ಕ ಹಾಕಿದ ಎಕ್ಸೆಲ್ ಹಾಳೆ ಹೇಳಿದ ಕಡೆಗೇ ಕಳಿಸುತ್ತೇವೆ ಎಂದಾಗ ಕನ್ನಡ ಕೂಟದಲ್ಲಿ ಯಾರೂ ಒಪ್ಪಲಿಲ್ಲ. ಮಿಶಿಗನ್ ಸಿಕ್ಕಿದ್ದನ್ನು ಬಿಡುತ್ತೀರಾ ಎಂದು ಕೆಲವರು, ಮನೆ ಪಕ್ಕದ ರಟ್ಗರ್ಸ್ ಬಿಟ್ಟು ಹೊರಗೇಕೆ ಎಂದು ಉಳಿದವರು. ಕೊನೆಗೆ ಪರ್ಡ್ಯೂಗೆ ಕಳಿಸಿದೆವು, ಈಗ ಎರಡು ವರ್ಷದ ಬಿಲ್ ಕಟ್ಟಿಯಾಗಿದೆ. ಹಾಳೆಯ ಅಂದಾಜಿಗೂ ಕಟ್ಟಿದ ಹಣಕ್ಕೂ ವರ್ಷಕ್ಕೆ ಸಾವಿರ ಡಾಲರ್‌ನಷ್ಟೂ ವ್ಯತ್ಯಾಸ ಬಂದಿಲ್ಲ. ಫಾಫ್ಸಾ (ಸರ್ಕಾರಿ ನೆರವಿನ ಅರ್ಜಿ), 529 (ಕಾಲೇಜಿಗಾಗಿ ಉಳಿತಾಯ ಖಾತೆ), ಕಾಮನ್ ಆ್ಯಪ್ (ಹಲವು ಕಾಲೇಜಿಗೆ ಒಂದೇ ಅರ್ಜಿ) ಇವುಗಳ ವಿವರ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ಮೊದಲನೇ ಹಾಳೆ ಪೂರ್ತಿ ತಪ್ಪಾಗಿತ್ತು. ವೆಬ್‌ಸೈಟಿನ ಮೊದಲ ವರ್ಷದ ಖರ್ಚನ್ನು ನಾಲ್ಕರಿಂದ ಗುಣಿಸಿದ್ದೆ. ಆದರೆ ಐದೂ ಕಡೆ ಶುಲ್ಕ ಏರುವ ರೀತಿ ಒಂದೇ ಅಲ್ಲ. ಮಿಶಿಗನ್‌ನಲ್ಲಿ 55 ಕ್ರೆಡಿಟ್ (ಮುಗಿಸಿದ ಕೋರ್ಸುಗಳ ಅಳತೆ) ತಲುಪಿದವರಿಗೆ ಟ್ಯೂಷನ್ ದರವೇ ಬೇರೆ, ಮೂರನೇ ವರ್ಷ ಒಂದೇ ಸಲ ಮೇಲೇರುತ್ತದೆ. ಎಂಜಿನಿಯರಿಂಗ್‌ಗೆ ಇನ್ನೂ ಹೆಚ್ಚು. ಬರ್ಕ್ಲಿ ಸೇರಿರುವ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದಲ್ಲಿ (ಯೂಸಿ) ಇದರ ತಿರುಗುಮುರುಗು. 2022ರಿಂದೀಚೆಗೆ ಸೇರಿದವರಿಗೆ ಸೇರಿದ ವರ್ಷದ ದರವೇ ಆರು ವರ್ಷದವರೆಗೆ ಸ್ಥಿರ. ಹೊರರಾಜ್ಯದವರು ಟ್ಯೂಷನ್ ಮೇಲೆ ಕಟ್ಟುವ ಹೆಚ್ಚುವರಿ ಮೊತ್ತ 2024ರಲ್ಲಿ ಸೇರಿದವರಿಗೆ 34,200 ಡಾಲರ್, 2025ರವರಿಗೆ 37,602. ಅಂದರೆ ಬರ್ಕ್ಲಿಯ ಸಾಲಿನಲ್ಲಿ ಏರುವುದು ಮುಖ್ಯವಾಗಿ ಊಟ, ಬಾಡಿಗೆ. ಪರ್ಡ್ಯೂ 2013ರಿಂದ ಟ್ಯೂಷನ್ ಏರಿಸಿಲ್ಲ. ಆದರೂ ಆ ಸಾಲಿಗೆ ನಾನು ವರ್ಷಕ್ಕೆ 2% ಏರಿಕೆ ಹಾಕಿಯೇ ಇಟ್ಟೆ, ಯಾಕೆಂದರೆ ಅದು ಆಡಳಿತ ಮಂಡಳಿ ಆಗಾಗ ತೆಗೆದುಕೊಳ್ಳುವ ತೀರ್ಮಾನ, ಮಗುವಿಗೆ ಬರೆದುಕೊಟ್ಟ ಮಾತಲ್ಲ.

ತಿದ್ದಿದ ಹಾಳೆಯಲ್ಲಿ ನೆನಪಿನ ಪ್ರಕಾರ ನಾಲ್ಕು ವರ್ಷಕ್ಕೆ ಮಿಶಿಗನ್ 3 ಲಕ್ಷ 40 ಸಾವಿರ ಡಾಲರ್, ಬರ್ಕ್ಲಿ 3 ಲಕ್ಷ 20ರ ಆಸುಪಾಸು, ಇಲಿನಾಯ್ ಎರಡೂವರೆ ಲಕ್ಷದ ಮೇಲೆ, ಪರ್ಡ್ಯೂ 1 ಲಕ್ಷ 80, ರಟ್ಗರ್ಸ್ ಹಾಸ್ಟೆಲ್ ಸೇರಿ ಒಂದೂವರೆ ಲಕ್ಷ ಬಂತು.

ಸಹಾಯಧನದ ಆಸೆಯಲ್ಲಿ ನಾವು ಒಂದು ತಿಂಗಳು ಕಳೆದೆವು. ಕ್ಯಾಲಿಫೋರ್ನಿಯಾದ ಯೂಸಿಗಳು ಹೊರರಾಜ್ಯದವರಿಗೆ ಅಗತ್ಯ (ಮನೆಯ ಆದಾಯಕ್ಕೆ ಮೀರಿದ ಖರ್ಚು) ನೋಡಿ ತಮ್ಮ ಅನುದಾನ ಕೊಡುವುದಿಲ್ಲ. ಸರ್ಕಾರಿ ಯೂನಿವರ್ಸಿಟಿಗಳಲ್ಲಿ ವರ್ಜೀನಿಯಾ ಯೂನಿವರ್ಸಿಟಿ ಮತ್ತು ನಾರ್ತ್ ಕ್ಯಾರೊಲಿನಾ ಯೂನಿವರ್ಸಿಟಿಯ ಚಾಪೆಲ್ ಹಿಲ್ ಕ್ಯಾಂಪಸ್ ಮಾತ್ರ ಹೊರರಾಜ್ಯದವರಿಗೂ ಪೂರ್ತಿ ಅಗತ್ಯ ತುಂಬಿಕೊಡುತ್ತವೆ. ಆದಾಯ ಕಡಿಮೆ ಇರುವ ಮನೆಯವರು ಮೊದಲು ಅರ್ಜಿ ಹಾಕಬೇಕಾದದ್ದು ಈ ಎರಡಕ್ಕೆ. ಚಾಪೆಲ್ ಹಿಲ್‌ನಲ್ಲಿ ಹೊರಗಿನವರಿಗೆ ಸೀಟುಗಳಲ್ಲಿ 18%ರ ಮಿತಿ ಇದೆ ಎಂಬುದು ನೆನಪಿರಲಿ. ನಮ್ಮಂತೆ ಇಬ್ಬರೂ ದುಡಿಯುವ ಮನೆಗೆ ಅಗತ್ಯದ ಲೆಕ್ಕದಲ್ಲಿ ಸಿಗುವುದು ಸಾಮಾನ್ಯವಾಗಿ ಸೊನ್ನೆ, ಉಳಿಯುವುದು ಮೆರಿಟ್ (ಅಂಕ, ಸಾಧನೆ ನೋಡಿ ಕೊಡುವ ಸ್ಕಾಲರ್‌ಶಿಪ್). ಅದಕ್ಕೆ ಪ್ರತಿ ಯೂನಿವರ್ಸಿಟಿಯ ಕಾಮನ್ ಡೇಟಾ ಸೆಟ್ (ಅದೇ ಪ್ರಕಟಿಸುವ ಅಂಕಿಅಂಶದ ದಾಖಲೆ) ತೆರೆದು ಎಚ್2ಎ ಕೋಷ್ಟಕ ನೋಡಿ. ಅಗತ್ಯವಿಲ್ಲದ ಎಷ್ಟು ಮಂದಿಗೆ ಸರಾಸರಿ ಎಷ್ಟು ಕೊಟ್ಟರು ಎಂದು ಅಲ್ಲಿದೆ. ಅದು ಸಣ್ಣ ಸಂಖ್ಯೆಯಾದರೆ ಸ್ಕಾಲರ್‌ಶಿಪ್ ಕಾಲಮ್‌ಗೆ ಸೊನ್ನೆ ಹಾಕಿ. ಒಂದು ಕಡೆ ಹಣಕಾಸು ಕಚೇರಿಗೆ ನಾವು ಕಳಿಸಿದ ಮನವಿಗೆ ಒಂದೇ ಸಾಲಿನ ನಿರಾಕರಣೆ ಬಂತು. ಎರಡನೆಯದನ್ನು ವಿಭಾಗಕ್ಕೇ ಬರೆದು ವರ್ಷಕ್ಕೆ 4,000 ಪಡೆದೆವು. ಯಾರಿಗೆ, ಯಾವ ವಾರ ಬರೆದೆವು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಮಗನ ಸರದಿ ಇನ್ನೂ ಬಾಕಿ ಇದೆ.

ಎಪಿ, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸುಗಳ ಕ್ರೆಡಿಟ್‌ನಲ್ಲಿ ಎಲ್ಲರೂ ಎಡವುತ್ತಾರೆ, ನಾವೂ ಎಡವಿದೆವು. 38 ಕ್ರೆಡಿಟ್ ಇದೆ, ಮೂರೇ ವರ್ಷಕ್ಕೆ ಡಿಗ್ರಿ ಎಂದು ಒಂದು ವರ್ಷದ ಖರ್ಚು ಅಳಿಸಿಬಿಟ್ಟಿದ್ದೆ. ಮೆಕ್ಯಾನಿಕಲ್‌ನಲ್ಲಿ ಕ್ಯಾಲ್ಕುಲಸ್ ಆದಮೇಲೆ ಸ್ಟ್ಯಾಟಿಕ್ಸ್, ಅದಾದಮೇಲೆ ಡೈನಾಮಿಕ್ಸ್, ಹೀಗೆ ಒಂದರ ಬಾಲ ಹಿಡಿದು ಇನ್ನೊಂದು ಬರುತ್ತದೆ. ಕೊನೆಗೆ ಸೀನಿಯರ್ ಡಿಸೈನ್ ಎಂಬ ಅಂತಿಮ ವರ್ಷದ ಪ್ರಾಜೆಕ್ಟ್. ಎಪಿ ಇತಿಹಾಸ, ಎಪಿ ಇಂಗ್ಲಿಷ್ ಎಷ್ಟಿದ್ದರೂ ಈ ಸರಪಳಿ ಗಿಡ್ಡವಾಗುವುದಿಲ್ಲ. ಎಂಜಿನಿಯರಿಂಗ್‌ಗೆ ಹೆಚ್ಚೆಂದರೆ ಒಂದು ಸೆಮಿಸ್ಟರ್‌ನ ಖರ್ಚನ್ನು ಹಾಳೆಯಿಂದ ಕಳೆಯಿರಿ. ಎಕನಾಮಿಕ್ಸ್‌ನಂಥ ವಿಷಯಕ್ಕಾದರೆ ಒಂದು ವರ್ಷ ಕಳೆದರೂ ನಡೆದೀತು. ವಿಭಾಗದ ಪ್ಲಾನ್ ಆಫ್ ಸ್ಟಡಿ (ಯಾವ ಸೆಮಿಸ್ಟರ್‌ಗೆ ಯಾವ ಕೋರ್ಸು ಎಂಬ ಪಟ್ಟಿ) ಪ್ರಿಂಟ್ ತೆಗೆದು, ಎಪಿಯಿಂದ ಹೋಗುವ ಕೋರ್ಸುಗಳಿಗೆ ಗೀಟು ಹಾಕಿ, ಉಳಿದ ಉದ್ದದ ಸರಪಳಿಯಲ್ಲಿ ಎಷ್ಟು ಸೆಮಿಸ್ಟರ್ ಇದೆ ಎಂದು ಎಣಿಸಿ.

ಹಣದಷ್ಟೇ ತೂಕದ್ದು ಮೇಜರ್‌ಗೆ (ಮುಖ್ಯ ವಿಷಯಕ್ಕೆ) ಪ್ರವೇಶ. ಇಲಿನಾಯ್‌ನ ಕಂಪ್ಯೂಟರ್ ಸೈನ್ಸ್, ಸಿಯಾಟಲ್‌ನ ವಾಷಿಂಗ್ಟನ್ ಯೂನಿವರ್ಸಿಟಿಯ ಕಂಪ್ಯೂಟರ್ ಸೈನ್ಸ್ ಇವಕ್ಕೆ ನೇರ ಸೀಟು ಸಿಗದಿದ್ದರೆ ಒಳಗೆ ಹೋದಮೇಲೆ ಬದಲಾಯಿಸುತ್ತೇನೆ ಎಂಬುದು ಬಹುಮಟ್ಟಿಗೆ ನಡೆಯದ ಮಾತು. ಪರ್ಡ್ಯೂನಲ್ಲಿ ಮೊದಲ ವರ್ಷ ಎಲ್ಲರಿಗೂ ಸಾಮಾನ್ಯ ಎಂಜಿನಿಯರಿಂಗ್, ಬ್ರಾಂಚ್ ಆಮೇಲೆ; ಮೊದಲ ವರ್ಷದ ಜಿಪಿಎ (ಸರಾಸರಿ ಅಂಕ) ಮೇಲೆ ನಿಂತಿರುತ್ತದೆ. ನಾವು ಮಾಡಿದ ಇನ್ನೊಂದು ಕೆಲಸ: ರಿಜಿಸ್ಟ್ರೇಷನ್ ನಡೆಯುವ ದಿನಗಳಲ್ಲಿ ಎಲ್ಲರಿಗೂ ತೆರೆದಿರುವ ಕ್ಲಾಸ್ ಪಟ್ಟಿಗಳಲ್ಲಿ ಎರಡನೇ ವರ್ಷದ ಕಡ್ಡಾಯ ಕೋರ್ಸುಗಳ ಖಾಲಿ ಸೀಟನ್ನು ದಿನಾ ಬರೆದಿಟ್ಟೆವು. ಬರ್ಕ್ಲಿಗಾದರೆ ಬರ್ಕ್ಲಿಟೈಮ್ ಎಂಬ ವೆಬ್‌ಸೈಟಿನಲ್ಲಿ ಹಳೇ ಸೆಮಿಸ್ಟರ್‌ಗಳದ್ದೂ ಸಿಗುತ್ತದೆ. ಕಡ್ಡಾಯ ಕೋರ್ಸು ಸಿಗದೆ ಒಂದು ಸೆಮಿಸ್ಟರ್ ಹೆಚ್ಚಾದರೆ ಹೊರರಾಜ್ಯದ ದರದಲ್ಲಿ 20ರಿಂದ 40 ಸಾವಿರ ಡಾಲರ್ ಹೋಯಿತು.

ರೆಸಿಡೆನ್ಸಿ ಬದಲಾಯಿಸುವ, ಅಂದರೆ ಆ ರಾಜ್ಯದ ನಿವಾಸಿ ಎನಿಸಿಕೊಳ್ಳುವ ದಾರಿಯನ್ನೂ ಪರೀಕ್ಷಿಸಿ ನೋಡಿದೆ. ಒಂದು ಕಾಂಡೊ ಕೊಂಡು, ಡ್ರೈವಿಂಗ್ ಲೈಸೆನ್ಸ್ ಮಾಡಿಸಿ, ವರ್ಷ ಕಳೆದರೆ ರಾಜ್ಯದ ದರ ಎಂಬ ಮಾತು ಪಾರ್ಟಿಗಳಲ್ಲಿ ಓಡಾಡುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 366 ದಿನ ಇದ್ದರೂ ಸಾಲದು. ತಂದೆತಾಯಿ ಹೊರಗಿದ್ದು ವಯಸ್ಸು 24ರೊಳಗಿದ್ದರೆ ತನ್ನ ಖರ್ಚು ತಾನೇ ನಡೆಸಿದ ಪುರಾವೆ ಬೇಕು. ಟೆಕ್ಸಾಸ್‌ನಲ್ಲಿ ಒಂದು ನಿಜವಾದ ದಾರಿ ಇದೆ: ಸ್ಪರ್ಧೆಯಲ್ಲಿ ಕನಿಷ್ಠ 1,000 ಡಾಲರ್ ಸ್ಕಾಲರ್‌ಶಿಪ್ ಗೆದ್ದವರಿಗೆ ರಾಜ್ಯದವರ ಟ್ಯೂಷನ್ ಕೊಡಲು ಕಾನೂನಿನಲ್ಲಿ ಅವಕಾಶವಿದೆ, ಸಂಖ್ಯೆಗೆ ಮಿತಿ ಇದೆ. ನಮಗೆ ಇದು ಗೊತ್ತಾಗುವ ಹೊತ್ತಿಗೆ ಅರ್ಜಿಯ ಗಡುವು ಮುಗಿದಿತ್ತು.

ಎಚ್4 ವೀಸಾದ (ಎಚ್1ಬಿ ಕೆಲಸದ ವೀಸಾದಲ್ಲಿರುವವರ ಕುಟುಂಬದ್ದು) ಮಕ್ಕಳಿರುವ ನಮ್ಮವರು ಹಾಳೆಗೆ ಇನ್ನೊಂದು ಕಾಲಮ್ ಸೇರಿಸಬೇಕು. ಫಾಫ್ಸಾ ಸಾಲವಿಲ್ಲ, ಸಂಬಳದ ಇಂಟರ್ನ್‌ಶಿಪ್ ಮಾಡುವಂತಿಲ್ಲ. ಎಫ್1 ವಿದ್ಯಾರ್ಥಿ ವೀಸಾಗೆ ಬದಲಾಯಿಸಿದರೂ ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಮುಗಿದಮೇಲಷ್ಟೇ ಸಿಪಿಟಿ (ಓದಿನ ಭಾಗವಾಗಿ ಕೆಲಸ ಮಾಡುವ ಅನುಮತಿ). 21 ತುಂಬಿದರೆ ಎಚ್4 ಮುಗಿಯುತ್ತದೆ, ಆ ತಿಂಗಳು ಯಾವ ಸೆಮಿಸ್ಟರ್‌ನಲ್ಲಿ ಬೀಳುತ್ತದೆ ನೋಡಿ: ಹಲವು ರಾಜ್ಯಗಳಲ್ಲಿ ಎಫ್1 ಆದೊಡನೆ ರಾಜ್ಯದ ದರ ತಪ್ಪಬಹುದು. ಆಗ ಸ್ವಂತ ರಾಜ್ಯದ ಯೂನಿವರ್ಸಿಟಿ ಅಗ್ಗ ಎಂಬ ಲೆಕ್ಕ ಮೂರನೇ ವರ್ಷಕ್ಕೇ ಬುಡಮೇಲಾಗುತ್ತದೆ.

ಹಣ ಎಲ್ಲಿಂದ ಎಂಬುದು ಬೇರೆ ಹಾಳೆ. ವಿದ್ಯಾರ್ಥಿಯ ಫೆಡರಲ್ ಸಾಲ 5,500, 6,500, 7,500, 7,500. ನಾಲ್ಕು ವರ್ಷಕ್ಕೆ 27,000 ಅಷ್ಟೇ. ತಂದೆತಾಯಿ ಪಡೆಯುವ ಫೆಡರಲ್ ಸಾಲವಾದ ಪೇರೆಂಟ್ ಪ್ಲಸ್‌ಗೆ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ವರ್ಷಕ್ಕೆ 20,000, ಒಟ್ಟು 65,000ದ ಮಿತಿ. ಮಿಶಿಗನ್‌ನ ಕೊರತೆ ಇದರಿಂದ ತುಂಬುವುದಿಲ್ಲ, ಖಾಸಗಿ ಸಾಲವೇ ಗತಿ. ಜಂಟಿ ಆದಾಯ 1 ಲಕ್ಷ 60 ಸಾವಿರದೊಳಗಿದ್ದರೆ ವರ್ಷಕ್ಕೆ 4,000 ಡಾಲರ್ ಟ್ಯೂಷನ್ನನ್ನು 529ರಿಂದ ತೆಗೆಯದೆ ಕೈಯಿಂದ ಕಟ್ಟಿ, 2,500ರ ಟ್ಯಾಕ್ಸ್ ಕ್ರೆಡಿಟ್ (ತೆರಿಗೆಯಲ್ಲಿ ಕಡಿತ) ಪೂರ್ತಿ ಸಿಗುತ್ತದೆ.

ರಟ್ಗರ್ಸ್‌ಗಿಂತ ಮೂವತ್ತು ಸಾವಿರ ಹೆಚ್ಚು ಕೊಟ್ಟು ಪರ್ಡ್ಯೂ ಆರಿಸಿದ್ದಕ್ಕೆ ಕೋ-ಆಪ್ ಕಾರಣ. ಓದಿನ ನಡುವೆ ಮೂರು ಅಥವಾ ಐದು ಅವಧಿ ಕಂಪನಿಯಲ್ಲಿ ಸಂಬಳದ ಕೆಲಸ. ಆ ಮೂವತ್ತು ಸಾವಿರ ಎರಡು ಅವಧಿಯಲ್ಲಿ ವಾಪಸು ಬರುತ್ತದೆ ಎಂದು ಹಾಳೆಯಲ್ಲಿ ಬರೆದಿದ್ದೆ, ಮೊದಲನೆಯದರಲ್ಲಿ ಅರ್ಧ ಬಂದಿದೆ.

ಬಿಟ್ಟುಹೋಗುವ ಸಣ್ಣ ಸಾಲುಗಳೂ ಇವೆ: ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮನೆಗೆ ಬರುವ ವಿಮಾನ, ಬೇಸಿಗೆಗೆ ಸಾಮಾನು ಇಡುವ ಬಾಡಿಗೆ, ಒಂಬತ್ತು ತಿಂಗಳಿದ್ದು ಹನ್ನೆರಡು ತಿಂಗಳಿಗೆ ಕಟ್ಟುವ ಲೀಸ್. ನಿಮ್ಮ ಆರೋಗ್ಯ ವಿಮೆ ಎಚ್‌ಎಂಒ (ಗೊತ್ತುಪಡಿಸಿದ ವೈದ್ಯರಿಗಷ್ಟೇ ಸೀಮಿತ) ಆಗಿದ್ದರೆ ಹೊರರಾಜ್ಯದಲ್ಲಿ ತುರ್ತು ಚಿಕಿತ್ಸೆ ಬಿಟ್ಟು ಬೇರೇನೂ ಸಿಗದಿರಬಹುದು. ಡೆಪಾಸಿಟ್ ಕಟ್ಟುವ ಮೊದಲೇ ವಿಮಾ ಕಂಪನಿಗೆ ಆ ಊರಿನ ಪಿನ್ ಕೋಡ್ ಹೇಳಿ ಕೇಳಿ. ಕ್ಯಾಂಪಸ್ ವಿಮೆ ಬೇಡ ಎನ್ನುವ ಫಾರ್ಮಿಗೆ ಗಡುವು ಇರುತ್ತದೆ, ತಪ್ಪಿದರೆ ಆ ಮೊತ್ತ ಬಿಲ್‌ನಲ್ಲೇ ಉಳಿಯುತ್ತದೆ.