ಮಸೂದೆಯ ಸುದ್ದಿಯೂ ನಿಮ್ಮ ಸರದಿಯೂ

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರು ವಲಸೆ ಕಾನೂನು ಯಾವಾಗ ಬದಲಾಗುತ್ತದೆಂದು ನನ್ನನ್ನು ಆಗಾಗ ಕೇಳುತ್ತಾರೆ. ಇಲ್ಲಿನ ಜನ ನಮ್ಮ ಪರವಾಗಿದ್ದರೆ ಕಾನೂನೂ ತಾನಾಗಿ ನಮ್ಮ ಕಡೆ ವಾಲುತ್ತದೆ ಎಂಬ ಎಣಿಕೆ ಆ ಪ್ರಶ್ನೆಯ ಹಿಂದಿರುತ್ತದೆ. ಒಂದು ಕಾಲಕ್ಕೆ ನನಗೂ ಇತ್ತು.

2013ರ ಜೂನ್ 27ರಂದು ಇಲ್ಲಿನ ಸಂಸತ್ತಾದ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್ 68–32 ಮತಗಳಿಂದ ಸಮಗ್ರ ವಲಸೆ ಸುಧಾರಣಾ ಮಸೂದೆಯನ್ನು ಅಂಗೀಕರಿಸಿತು. ಉದ್ಯೋಗದ ಮೇಲಿನ ಗ್ರೀನ್ ಕಾರ್ಡಿಗೆ, ಅಂದರೆ ಕಾಯಂ ವಾಸದ ಪರವಾನಗಿಗೆ, ಇರುವ ದೇಶವಾರು ಮಿತಿಯನ್ನು ತೆಗೆಯುವ ಅಂಶವೂ ಅದರಲ್ಲಿದ್ದುದರಿಂದ, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ನಮ್ಮ ಪ್ರಯಾರಿಟಿ ಡೇಟಿನ, ಅಂದರೆ ಗ್ರೀನ್ ಕಾರ್ಡಿನ ಸರದಿ ಗೊತ್ತುಮಾಡುವ ದಿನಾಂಕದ, ಚೀಟಿಯನ್ನು ನಾನು ಅಂದೇ ಕಿತ್ತು ಎಸೆದೆ. ಕೆಳಮನೆಯಾದ ಪ್ರತಿನಿಧಿ ಸಭೆಯಾದರೋ ಆ ಮಸೂದೆಯನ್ನು ಮತಕ್ಕೇ ಹಾಕಲಿಲ್ಲ, ಅದೇ ಜಾಗದಲ್ಲಿ ನಾನು ಮತ್ತೆ ಚೀಟಿ ಅಂಟಿಸಬೇಕಾಯಿತು. 2019ರಲ್ಲಿ ಆ ಮಿತಿಯನ್ನು ತೆಗೆಯುವ ಮಸೂದೆಗೆ ಪ್ರತಿನಿಧಿ ಸಭೆಯಲ್ಲಿ 365 ಮತ ಬಿದ್ದವು. ಸೆನೆಟ್ 2020ರ ಡಿಸೆಂಬರಿನಲ್ಲಿ ಬೇರೆಯದೇ ರೂಪವನ್ನು ಒಪ್ಪಿತು. ಎರಡೂ ಹೊಂದುವ ಮೊದಲೇ ಆ ಕಾಂಗ್ರೆಸ್ಸಿನ ಅವಧಿ ಮುಗಿಯಿತು. ಹೀಗಾಗಿ ವರ್ಷಕ್ಕೆ ಸುಮಾರು 1,40,000 ಗ್ರೀನ್ ಕಾರ್ಡು, ಅದೂ ಹೆಂಡತಿ ಮಕ್ಕಳನ್ನು ಸೇರಿಸಿ, ಒಂದು ದೇಶಕ್ಕೆ ಸಾಮಾನ್ಯವಾಗಿ ಶೇ 7 ಎಂಬ 1990ರ ಲೆಕ್ಕವೇ ಇಂದಿಗೂ ನಡೆಯುತ್ತಿದೆ.

ಜನಾಭಿಪ್ರಾಯ ನಿಂತಲ್ಲಿ ನಿಲ್ಲುವುದಿಲ್ಲ. ಗ್ಯಾಲಪ್ ಸಮೀಕ್ಷೆಯಲ್ಲಿ ವಲಸೆ ಕಡಿಮೆಯಾಗಬೇಕೆಂದವರು 2024ರಲ್ಲಿ ಶೇ 55 ಇದ್ದರೆ, ಮರುವರ್ಷ ಶೇ 30ಕ್ಕೆ ಇಳಿದರು. ವಲಸೆ ದೇಶಕ್ಕೆ ಒಳ್ಳೆಯದೆಂದವರು ಶೇ 79ಕ್ಕೆ ಏರಿದರು. ಆದರೆ ನನ್ನ ಅನುಭವದಲ್ಲಿ, ನಮ್ಮ ಬಗ್ಗೆ ಒಳ್ಳೆಯ ಮಾತಾಡುವ ನೆರೆಯವರು ಮತ ಹಾಕುವಾಗ ಬೆಲೆಯೇರಿಕೆ, ತೆರಿಗೆ ನೋಡುತ್ತಾರೆ; ವಲಸೆಯನ್ನು ವಿರೋಧಿಸುವವರು ಅದೊಂದಕ್ಕಾಗಿಯೇ ಅಭ್ಯರ್ಥಿಯನ್ನು ಆರಿಸುವ ಪಕ್ಷದೊಳಗಿನ ಚುನಾವಣೆ ಪ್ರೈಮರಿಗೂ ತಪ್ಪದೆ ಹೋಗುತ್ತಾರೆ. ಸಂಸದರಿಗೆ ಭಯ ಹುಟ್ಟಿಸುವುದು ಈ ಎರಡನೆಯ ಗುಂಪು. ಸಾಲದ್ದಕ್ಕೆ, ಸೆನೆಟ್ಟಿನಲ್ಲಿ ಬಹುತೇಕ ಮಸೂದೆಗಳು ಮುಂದಕ್ಕೆ ಹೋಗಲು 60 ಮತ ಬೇಕು, ನಮ್ಮ ಸಣ್ಣ ಬೇಡಿಕೆಯೋ ಗಡಿಯ ದೊಡ್ಡ ಜಗಳದ ಬಾಲಕ್ಕೆ ಕಟ್ಟಿಕೊಂಡಿರುತ್ತದೆ.

ಕಾಂಗ್ರೆಸ್ಸಿಗಿಂತ ಬೇಗ ಬದಲಾಗುವುದು ಆಡಳಿತದ ಆದೇಶಗಳು. ಎಚ್-1ಬಿ ಎಂಬ ಕೆಲಸದ ವೀಸಾದವರ ಜೊತೆ ಎಚ್-4 ವೀಸಾದಲ್ಲಿ ಬಂದ ಕೆಲವು ಸಂಗಾತಿಗಳಿಗೆ ಕೆಲಸದ ಪರವಾನಗಿ ಬಂದದ್ದು 2015ರ ನಿಯಮದಿಂದ. ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕವೆಂದು 2025ರ ಸೆಪ್ಟೆಂಬರಿನಲ್ಲಿ ಬಂದದ್ದು ಅಧ್ಯಕ್ಷರ ಘೋಷಣೆಯಿಂದ. ಇಂಥವನ್ನು ವಕೀಲರ ಬಳಿ ಕೇಳಿ ತಿಳಿಯಿರಿ, ವಾಟ್ಸ್‌ಆ್ಯಪ್ಪಿನಲ್ಲಿ ಓಡಾಡುವುದನ್ನು ನೆಚ್ಚಬೇಡಿ.

ಆದ್ದರಿಂದ ಗ್ರೀನ್ ಕಾರ್ಡಿನ ಕೆಲಸವನ್ನು ಮೊದಲ ವರ್ಷದಲ್ಲೇ ಆರಂಭಿಸುವಂತೆ ಕಂಪನಿಯನ್ನು ಕೇಳಿ. ಕಂಪನಿ ಸಲ್ಲಿಸುವ ಗ್ರೀನ್ ಕಾರ್ಡಿನ ಅರ್ಜಿ ಐ-140 ಮಂಜೂರಾಗಿ ಸರದಿ ಬಾರದೆ ಉಳಿದವರು ಆರು ವರ್ಷ ದಾಟಿದ ಮೇಲೂ ಎಚ್-1ಬಿ ವಿಸ್ತರಿಸಿಕೊಳ್ಳಬಹುದು. ಮಕ್ಕಳಿಗೆ 21 ತುಂಬುವ ವರ್ಷವನ್ನು ಈಗಲೇ ಲೆಕ್ಕ ಹಾಕಿಡಿ, ಸಾಮಾನ್ಯವಾಗಿ ಆಮೇಲೆ ಅವರು ನಿಮ್ಮ ಅರ್ಜಿಯೊಳಗೆ ಉಳಿಯುವುದಿಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಮತದಾರರ ನೋಂದಣಿ ಫಾರಂ ಮುಂದಿಟ್ಟರೆ, ಪೌರತ್ವವಿಲ್ಲದವರು ಸಹಿ ಹಾಕಲೇಬಾರದು. ಅದೊಂದು ಸಹಿ ಗಡೀಪಾರಿನವರೆಗೂ ಎಳೆಯಬಲ್ಲದು.

ಮತವಿಲ್ಲದಿದ್ದರೂ ನಿಮ್ಮ ಕ್ಷೇತ್ರದ ಸಂಸದರ ಕಚೇರಿ ನಿಮಗೂ ತೆರೆದಿದೆ. ನಮ್ಮ ಕಡತ ತಿಂಗಳುಗಟ್ಟಲೆ ಅಲುಗಾಡದಿದ್ದಾಗ ನಾನು ಫೋನ್ ಮಾಡಿದೆ. ಅಲ್ಲಿನ ಹುಡುಗಿ ಜಿಪ್ ಕೋಡ್ ಕೇಳಿ, ಒಪ್ಪಿಗೆಯ ಫಾರಂ ಕಳಿಸಿ, ರಸೀದಿ ಸಂಖ್ಯೆಯನ್ನು ಎರಡು ಸಲ ಓದಿಸಿ ಬರೆದುಕೊಂಡಳು.