ಕರೆಂಟ್ ಬಂದಾಗ ಮೊದಲ ಅಕ್ಷರದಿಂದಲೇ ಶುರುವಾಗುವಂತೆ ಮಾಡಿದ್ದು

ಕಲಬುರಗಿಯ ಶರಣಬಸವೇಶ್ವರ ಜಾತ್ರೆಗೆಂದು ನಮ್ಮ ಓಣಿಯ ಪೆಂಡಾಲಿಗೆ ಒಂದು ಎಲ್‌ಇಡಿ ಬೋರ್ಡ್ ಮಾಡಿದ್ದೆ. ಹತ್ತು ಎಣಿಕೆ ಎಣಿಸಿ ಮತ್ತೆ ಮೊದಲಿನಿಂದ ಶುರು ಮಾಡುವ 4017 ಐಸಿ, ಎಣಿಕೆಗೆ ಒಂದರಂತೆ ಶ-ರ-ಣ-ಬ-ಸ-ವ, ಉಳಿದ 4 ಎಣಿಕೆ ಕತ್ತಲು. ಆದರೆ ಕರೆಂಟ್ ಬಂದಾಗಲೆಲ್ಲ ಒಮ್ಮೆ ‘ಣ’, ಒಮ್ಮೆ ‘ಸ’ದಿಂದ ಶುರು. “ತಮ್ಮಾ, ಶರಣಬಸವ ಅಪ್ಪನ ಹೆಸರು ನಡುವಿನಿಂದ ಓದಲಿಕತ್ತದಲ್ಲ” ಅಂದರು ಪಕ್ಕದ ಮನೆ ಕಾಕಾ. ಮನಸ್ಸಿಗೆ ಚುಚ್ಚಿತು.

ತಪ್ಪು ನನ್ನದೇ. ರಿಸೆಟ್ ಮಾಡುವ, ಅಂದರೆ ಎಣಿಕೆಯನ್ನು ಮೊದಲಿಗೆ ತರುವ 15ನೇ ಪಿನ್ನನ್ನು ನೇರ ಗ್ರೌಂಡಿಗೆ ಕೊಟ್ಟಿದ್ದೆ, ಹಾಗಾಗಿ ಕರೆಂಟ್ ಬಂದಾಗ ರಿಸೆಟ್ ಆಗುತ್ತಲೇ ಇರಲಿಲ್ಲ. ಅದನ್ನು ಬಿಡಿಸಿ, ಪ್ಲಸ್‌ನಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಗ್ರೌಂಡಿಗೆ 100 ಕಿಲೋಓಮ್ ರೆಸಿಸ್ಟರ್ ಹಾಕಿದೆ. ಕರೆಂಟ್ ಬಂದಾಗ ಕೆಪಾಸಿಟರ್ ತುಂಬುವವರೆಗೆ, ಸುಮಾರು 10 ಮಿಲಿಸೆಕೆಂಡ್ ರಿಸೆಟ್. ಸಾಲಲಿಲ್ಲ, ನನ್ನ 12 ವೋಲ್ಟ್ ಅಡಾಪ್ಟರ್ ಅದಕ್ಕಿಂತ ನಿಧಾನವಾಗಿ ಏರುತ್ತಿತ್ತು. ಕೆಪಾಸಿಟರ್ 1 ಮೈಕ್ರೋಫ್ಯಾರಡ್ ಮಾಡಿದ ಮೇಲೆ ‘ಶ’ ಸರಿಯಾಗಿ ಬಂತು.

ಆದರೂ ಕರೆಂಟ್ ಹೋಗಿ ತಕ್ಷಣ ಬಂದರೆ ಮತ್ತೆ ಅದೇ ಕಥೆ. ಮೀಟರ್ ಹಿಡಿದು ಕುಳಿತೆ: ದೀಪ ಪೂರ್ತಿ ಆರಿದ ಮೇಲೂ 1000 ಮೈಕ್ರೋಫ್ಯಾರಡ್ ಫಿಲ್ಟರ್ ಕೆಪಾಸಿಟರ್‌ನಲ್ಲಿ 6 ವೋಲ್ಟ್! 4017ಗೆ 3 ವೋಲ್ಟೇ ಸಾಕು, ಎಣಿಕೆ ಮರೆಯುವುದಿಲ್ಲ. ಆ ಕೆಪಾಸಿಟರ್‌ಗೆ ಅಡ್ಡಲಾಗಿ 470 ಓಮ್, ಅರ್ಧ ವ್ಯಾಟ್ ರೆಸಿಸ್ಟರ್ ಬೆಸುಗೆ ಹಾಕಿದೆ. ಒಂದೆರಡು ಸೆಕೆಂಡಿನಲ್ಲಿ ಖಾಲಿ. ಇಪ್ಪತ್ತು ಸಲ ಸ್ವಿಚ್ ಹಾಕಿ ತೆಗೆದು ನೋಡಿದೆ, ಇಪ್ಪತ್ತೂ ಸಲ ‘ಶ’.