ಹಿತ್ತಲಲ್ಲಿ ಟ್ರ್ಯಾಂಪೊಲಿನ್ ಹಾಕುವ ಮುಂಚೆ

ಬೇಸಿಗೆ ಬಂದರೆ ಇಲ್ಲಿ ಅಮೆರಿಕದಲ್ಲಿ ಮನೆ ಬದಲಾಯಿಸುವವರು ಜಾಸ್ತಿ. ಹೋಗುವಾಗ ಟ್ರ್ಯಾಂಪೊಲಿನ್ (ಮಕ್ಕಳು ಹತ್ತಿ ಕುಣಿಯುವ ಸ್ಪ್ರಿಂಗಿನ ಹಾಸು) ಬಿಟ್ಟು ಹೋಗುತ್ತಾರೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅಂತ ನಾನೂ ಒಂದನ್ನು ಬಾಡಿಗೆ ಮನೆ ಹಿತ್ತಲಿಗೆ ತಂದು ನಿಲ್ಲಿಸಿದ್ದೆ. ಒಂದು ವಾರ ಮಕ್ಕಳು ಕುಣಿದಿರಬಹುದು, ಅಷ್ಟೇ. ಮಾಲೀಕರ ಈಮೇಲ್ ಬಂತು: ಕೂಡಲೇ ತೆಗೆಯಿರಿ, ಕರಾರಿಗೆ ವಿರುದ್ಧ. ಜೊತೆಗೆ ಅವರ ಇನ್ಶೂರೆನ್ಸ್‌ನವರು ಬೇಲಿ ಆಚೆಯಿಂದ ತೆಗೆದ ಫೋಟೋ. ಒಣಗಲು ಹಾಕಿದ್ದ ನನ್ನ ಪಂಚೆಯೂ ಅದರಲ್ಲಿತ್ತು!

ಆಗ ಸಿಟ್ಟು ಬಂದಿತ್ತು. ಈಗ ಅವರ ಕಷ್ಟ ಅರ್ಥವಾಗುತ್ತದೆ. ಪಕ್ಕದ ಮನೆ ಮಗು ಹೇಳದೆ ಕೇಳದೆ ಬಂದು ಬಿದ್ದು ಕೈ ಮುರಿದುಕೊಂಡರೂ, ಮಕ್ಕಳನ್ನು ಸೆಳೆಯುವ ವಸ್ತುವನ್ನು ಹಾಗೇ ಬಿಟ್ಟಿದ್ದೇಕೆ ಅಂತ ಕೋರ್ಟು ಕೇಳಬಹುದು. ಕೇಸು ನಿಮ್ಮ ಮೇಲೂ ಬರಬಹುದು, ಮಾಲೀಕರ ಮೇಲೂ. ಟ್ರ್ಯಾಂಪೊಲಿನ್ ಕಂಡರೆ ಪಾಲಿಸಿಯನ್ನೇ ನಿಲ್ಲಿಸುವ ಕಂಪನಿಗಳಿವೆ.

‘ಮಾಲೀಕರ ಇನ್ಶೂರೆನ್ಸ್ ಇದೆಯಲ್ವಾ?’ ಅಂತ ಹೊಸಬರು ಕೇಳುತ್ತಾರೆ. ಅದು ಅವರ ಕಟ್ಟಡಕ್ಕೆ, ಅವರ ಹೊಣೆಗೆ. ನಿಮ್ಮ ಸೋಫಾ ಸುಟ್ಟರೂ ಅದರಿಂದ ಬಿಡಿಗಾಸು ಬರುವುದಿಲ್ಲ. ನಿಮ್ಮ ಪಾಲಿಗೆ ರೆಂಟರ್ಸ್ ಇನ್ಶೂರೆನ್ಸ್, ಅಂದರೆ ಬಾಡಿಗೆದಾರರ ವಿಮೆ, ನೀವೇ ಮಾಡಿಸಬೇಕು. ಅದರಲ್ಲಿ ಲಯಬಿಲಿಟಿ (ಬೇರೆಯವರಿಗೆ ಆದ ಹಾನಿಗೆ ನಿಮ್ಮ ಪರವಾಗಿ ಕಂಪನಿ ಕೊಡುವ ಮೊತ್ತ) ಸಾಮಾನ್ಯವಾಗಿ 1 ಲಕ್ಷ ಡಾಲರ್‌ನಿಂದ ಶುರು. ಆದರೆ ‘ಎಕ್ಸ್‌ಕ್ಲೂಷನ್ಸ್’ ಅನ್ನುವ, ಯಾವುದಕ್ಕೆ ದುಡ್ಡು ಕೊಡುವುದಿಲ್ಲ ಅಂತ ಪಟ್ಟಿ ಮಾಡಿರುವ ಪುಟ ಓದಿ. ಟ್ರ್ಯಾಂಪೊಲಿನ್ ಹೆಸರು ಅಲ್ಲಿದ್ದರೆ ಅದರ ಮಟ್ಟಿಗೆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಸುತ್ತ ಬಲೆ ಕಟ್ಟಿದ್ದರೆ ಒಪ್ಪುವ ಕಂಪನಿಗಳೂ ಇವೆ. ಏಜೆಂಟರನ್ನು ನೇರವಾಗಿ ಕೇಳಿ, ಉತ್ತರ ಈಮೇಲ್‌ನಲ್ಲೇ ತರಿಸಿಕೊಳ್ಳಿ.

ಮಾಲೀಕರ ಒಪ್ಪಿಗೆಯೂ ಹಾಗೇ. ಫೋನಿನಲ್ಲಿ ‘ಶ್ಯೂರ್, ಶ್ಯೂರ್’ ಅಂದದ್ದು ಆಮೇಲೆ ಯಾರಿಗೂ ನೆನಪಿರುವುದಿಲ್ಲ. ಆಡಲು ಬರುವ ಮಕ್ಕಳ ಅಪ್ಪ ಅಮ್ಮನ ಹತ್ತಿರ ‘ಏಟಾದರೆ ಕೇಸು ಹಾಕುವುದಿಲ್ಲ’ ಅಂತ ಸಹಿ ಹಾಕಿಸಿಕೊಂಡರೆ ಸಾಕು ಅನ್ನುವವರಿದ್ದಾರೆ. ಅನೇಕ ರಾಜ್ಯಗಳಲ್ಲಿ ಮಕ್ಕಳ ವಿಷಯಕ್ಕೆ ಅಂಥ ಸಹಿ ನಿಲ್ಲುವುದಿಲ್ಲ.

ಗಾಳಿ ತುಂಬುವ ಈಜುಕೊಳಕ್ಕೂ ಇದೇ ಮಾತು. ನೀರು 24 ಇಂಚಿಗಿಂತ ಆಳವಿದ್ದರೆ ಎಷ್ಟೋ ಊರುಗಳಲ್ಲಿ ಬೇಲಿ ಕಡ್ಡಾಯ.

ನನ್ನನ್ನು ಕೇಳಿದರೆ ಟ್ರ್ಯಾಂಪೊಲಿನ್ ಬೇಡವೇ ಬೇಡ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ ಮನೆಯಲ್ಲಿ ಬೇಡ ಅನ್ನುತ್ತದೆ. ಒಂದಕ್ಕಿಂತ ಹೆಚ್ಚು ಮಕ್ಕಳು ಒಟ್ಟಿಗೆ ಕುಣಿದಾಗಲೇ ಏಟು ಜಾಸ್ತಿ, ಅದರಲ್ಲೂ ಪುಟ್ಟವರಿಗೆ. ನಮ್ಮ ಮನೆಯಲ್ಲಂತೂ ಒಬ್ಬೊಬ್ಬರೇ ಹತ್ತಿದ್ದು ನೆನಪಿಲ್ಲ.

ಅದನ್ನು ಬಿಚ್ಚುವಾಗ 72 ಸ್ಪ್ರಿಂಗ್ ಎಣಿಸಿದೆ, ಬೆರಳು ಚರ್ಮ ಸುಲಿದಿತ್ತು. ಒಪ್ಪಿಗೆ ಕೇಳಿ ಮಾಲೀಕರಿಗೆ ಬರೆಯುವ ಈಮೇಲ್ ಹೇಗಿರಬೇಕು ಅಂತ ಗೊತ್ತಾಗದಿದ್ದರೆ ನಮ್ಮ ಸಂಘದ ಸ್ವಯಂಸೇವಕರನ್ನು ಕೇಳಿ, ನಮ್ಮಲ್ಲೊಂದು ನಮೂನೆ ಇದೆ.